ಅವ್ವ ಹಿಡಿದ ಪಾಳಿ

ಪಾಳಿಯಲ್ಲಿ ಮನುಷ್ಯರೇ ನಿಲ್ಲಬೇಕು ಅನ್ನುವ ಕಾನೂನು ನಮ್ಮ ಇಂಡಿ ಊರಲ್ಲಿ ಇರಲಿಲ್ಲ. ನಳ ಬರುವ ದಿನ ಓಣಿಯ ತುಂಬ ಕೊಡಗಳು ನಿಂತಿರುತ್ತಿದ್ದವು, ಹೆಂಗಸರು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ರೇಷನ್ ಅಂಗಡಿಯ ಮುಂದೆ ಚಿಮಣಿ ಎಣ್ಣೆಯ ಡಬ್ಬಿಗಳ ಸಾಲು, ಡಬ್ಬಿ ತರಲು ಮರೆತವರ ಪರವಾಗಿ ಒಂದೊಂದು ಕಲ್ಲು. ದವಾಖಾನೆಯ ಕಟ್ಟೆಯ ಮೇಲೆ ಡಾಕ್ಟರರಿಗಾಗಿ ಚಪ್ಪಲಿಗಳು ಕಾಯುತ್ತಿದ್ದವು, ಜ್ವರ ಬಂದವರು ಬೇವಿನ ಗಿಡದ ಕೆಳಗೆ ಮಲಗಿರುತ್ತಿದ್ದರು. ಇನ್ನು ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಒಗೆದ ದಸ್ತಿಗಂತೂ, ಅದು ಎಷ್ಟೇ ಹೊಲಸು ಕರ್ಚೀಫಾಗಿದ್ದರೂ, ಕೂತ ಮನುಷ್ಯನಿಗೆ ಇರುವಷ್ಟೇ ಮರ್ಯಾದೆ. "ದಸ್ತಿ ಹಾಕಿದ್ದು ಕಾಣಂಗಿಲ್ಲೇನ್ರಿ?" ಅಂದರೆ ಎಂಥ ಜಗಳಗಂಟನೂ ಗೊಣಗುತ್ತ ಎದ್ದು ನಿಲ್ಲುತ್ತಿದ್ದ. ಒಬ್ಬರ ಕೊಡ ಸರಿಸಿ ತಮ್ಮ ಕೊಡ ಇಟ್ಟವರನ್ನು ಓಣಿಯವರು ವರ್ಷಗಟ್ಟಲೆ ಮಾತಾಡಿಸುತ್ತಿರಲಿಲ್ಲ.

ಇದನ್ನೆಲ್ಲ ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಮ್ಮ ಕಾಕಾ ಈ ಕಾನೂನನ್ನು ಭೀಮಾ ನದಿಯ ಆಚೆ ದಡಕ್ಕೂ ಒಯ್ದ.

ಕಾಕಾ ಅಂದರೆ ಅಪ್ಪನ ತಮ್ಮ. ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದ. ಯಾವ ಬಸ್ಸು ಎಷ್ಟು ಗಂಟೆಗೆ ಬರುತ್ತದೆ, ಎಷ್ಟಕ್ಕೆ ಬಿಡುತ್ತದೆ ಎಂದು ಬರೆದುಕೊಳ್ಳುವುದು ಅವನ ಕೆಲಸ. ಆದರೆ ಆ ಕೆಲಸ ಬಸ್ ಸ್ಟ್ಯಾಂಡಿನಲ್ಲೇ ಉಳಿಯಲಿಲ್ಲ, ಅವನ ಜೊತೆ ಮನೆಗೂ ಬರುತ್ತಿತ್ತು. ಹಬ್ಬಕ್ಕೆಂದು ಇಂಡಿಗೆ ಬಂದರೆ ಬಚ್ಚಲಮನೆಗೆ ಯಾರು ಯಾವಾಗ ಹೋಗಬೇಕೆಂದು ಅವನೇ ಗೊತ್ತುಮಾಡುತ್ತಿದ್ದ. ಮದುವೆ ಮನೆಗಳಲ್ಲಿ, ಯಾರ ಎಲೆಯಲ್ಲಿ ಅನ್ನ ಮುಗಿಯುತ್ತ ಬಂದಿದೆ ಎಂದು ದೂರದಿಂದಲೇ ಲೆಕ್ಕ ಹಾಕಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ಅವರ ಕುರ್ಚಿಯ ಹಿಂದೆ ನಿಲ್ಲಿಸುತ್ತಿದ್ದ. ಪಾಪ, ಉಣ್ಣುವವರಿಗೆ ಹೋಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ನನ್ನ ಮಗಳು ಆಟದ ಪಾರ್ಕಿಗೆ ಹೋಗುವ ಮೊದಲು ಫೋನಿನಲ್ಲಿ ಏನೇನೋ ಒತ್ತುತ್ತಾಳೆ. ಯಾವ ಆಟಕ್ಕೆ ಗದ್ದಲ ಕಡಿಮೆ, ಎಲ್ಲಿಂದ ಎಲ್ಲಿಗೆ ಹೋದರೆ ಹೊತ್ತು ಉಳಿಯುತ್ತದೆ, ಅದೇ ಹೇಳುತ್ತದೆ. ಇನ್ನಷ್ಟು ರೊಕ್ಕ ಕೊಟ್ಟರೆ ಪಾಳಿಯನ್ನೇ ತಪ್ಪಿಸುತ್ತದೆ. ನೋಡಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಮನೆಯಲ್ಲಿ ಅದೇ ವಸ್ತು ಪ್ಯಾಂಟು ಶರ್ಟು ಹಾಕಿಕೊಂಡು, ಎಲೆ ಅಡಿಕೆ ಜಗಿಯುತ್ತ ಓಡಾಡುತ್ತಿತ್ತು.

ನಾನು ಆಗ ಎಂಟನೆಯ ಇಯತ್ತೆ. ಸೊಲ್ಲಾಪುರದ ಆಚೆ, ಹೆದ್ದಾರಿಯ ಪಕ್ಕ ಹೊಸ ಪಾರ್ಕೊಂದು ಆಗಿದೆ, ನೀರಿನ ಜಾರುಬಂಡಿ ಇದೆ, ಗಿರಗಿರ ತಿರುಗುವ ಕುರ್ಚಿಗಳಿವೆ, ಮುಗಿಲಿಗೆ ಮುಟ್ಟುವ ದೊಡ್ಡ ಚಕ್ರ ಇದೆ ಎಂದು ಸುದ್ದಿ ಹಬ್ಬಿತ್ತು. ಬೇಸಿಗೆ ಸೂಟಿಗೆ ಎಲ್ಲರೂ ಹೋಗುವುದೆಂದು ಕಾಕಾ ಘೋಷಿಸಿದ. ಆ ರಾತ್ರಿ ಊಟಕ್ಕೆ ಕೂತಾಗ ಅವ್ವ, ಯಾರೂ ಕೇಳದಿದ್ದರೂ, ರೊಟ್ಟಿ ಹಾಕುತ್ತಲೇ ಒಂದು ಮಾತು ಹೇಳಿದಳು.

"ನನಗ ಆ ದೊಡ್ಡ ಚಕ್ರದಾಗ ಒಮ್ಮೆ ಕುಂದ್ರಬೇಕು ನೋಡ್ರಿ."

ಅಪ್ಪ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. ಅವ್ವ ತನಗೆ ಏನಾದರೂ ಬೇಕು ಅಂದದ್ದನ್ನು ನಾನಂತೂ ಅಲ್ಲಿಯವರೆಗೆ ಕೇಳಿರಲಿಲ್ಲ. ಸೀರೆ ಆರಿಸು ಅಂದರೂ "ಯಾವುದರ ತರ್ರಿ" ಅನ್ನುವವಳು. ಅವಳ ತವರು ಬಾಗೇವಾಡಿ ತಾಲೂಕಿನ ಗೊಳಸಂಗಿ. ಅಲ್ಲಿ ಅವಳೇ ಹಿರಿಯ ಮಗಳು. ಎಲ್ಲಿ ಯಾವ ಜೋಕಾಲಿ ಬಂದರೂ ತಮ್ಮ ತಂಗಿಯರನ್ನು ಹತ್ತಿಸಿ, ಅವರ ಚಪ್ಪಲಿ ಹಿಡಿದುಕೊಂಡು ಕೆಳಗೆ ನಿಲ್ಲುವುದೇ ಅವಳ ಪಾಲಿಗೆ ಬಂದದ್ದಂತೆ. "ಮ್ಯಾಲಿಂದ ನೋಡಿದ್ರ ಹೊಲ ಹೆಂಗ ಕಾಣ್ತಾವೋ ಏನೋ" ಎಂದು ಇನ್ನೊಂದು ರೊಟ್ಟಿ ಹಾಕಿದಳು.

"ಅದೇನ್ ದೊಡ್ಡ ಮಾತ್ರೀ ವೈನಿ," ಅಂದ ಕಾಕಾ ತನ್ನ ಅತ್ತಿಗೆಗೆ. "ಪ್ಲ್ಯಾನಿನ್ಯಾಗ ಹಾಕಿಬಿಡ್ತೇನಿ."

ಪ್ಲ್ಯಾನು ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿನ ಮೇಲೆ ತಯಾರಾಯಿತು. ಎಡಗಡೆ ಆಟಗಳ ಹೆಸರು, ಮುಂದೆ ಆಗಮನ, ನಿರ್ಗಮನ. ಊಟಕ್ಕೆ ಒಂದು ನಿಲುಗಡೆ, ಒಂದಕ್ಕೆ ಎರಡಕ್ಕೆ ಒಂದು ನಿಲುಗಡೆ. ಕೊನೆಯ ಕಾಲಂ "ಪಾಳಿ" ಎಂದು. ಅದರ ಕೆಳಗೆ ಪ್ರತಿ ಸಾಲಿನಲ್ಲೂ ಒಂದೇ ಶಬ್ದ ಬರೆದಿತ್ತು: ವೈನಿ. ದೊಡ್ಡ ಚಕ್ರ ಎಲ್ಲಕ್ಕಿಂತ ಕೆಳಗಿತ್ತು.

"ಇದ್ಯಾಕ ಕಡೀಕ್?" ಅಂತ ನಾನು ಕೇಳಿದೆ.

"ಸಂಜೀಮುಂದ ತಂಪ ಇರ್ತದ, ಹುಚ್ಚಿ. ನಿಮ್ಮವ್ವಗ ಬಿಸಲ ಹತ್ತಬಾರ್ದಂತ," ಅಂದ. ಅಷ್ಟು ಕಾಳಜಿ ಕಂಡು ನಾನು ಸುಮ್ಮನಾದೆ.

ಹೊರ್ತಿಯವನೊಬ್ಬನ ಟ್ರ್ಯಾಕ್ಸ್ ಗಾಡಿ ಬಾಡಿಗೆಗೆ ಹಿಡಿದು ನಸುಕಿನಲ್ಲೇ ಹೊರಟೆವು. ಅಪ್ಪ, ಅವ್ವ, ನಾನು, ನನ್ನ ತಮ್ಮ. ಕಾಕಾ, ಕಾಕು, ಅವರ ಇಬ್ಬರು ಮಕ್ಕಳು. ಕಾಕು ಮುದ್ದೇಬಿಹಾಳದವಳು, ಗಾಡಿ ಹತ್ತಿದರೆ ವಾಂತಿ ಎಂದು ಮುಂದಿನ ಸೀಟು ಅವಳಿಗೆ. ಬುತ್ತಿಯ ದೊಡ್ಡ ಸ್ಟೀಲ್ ಡಬ್ಬಿ ಅವ್ವನ ತೊಡೆಯ ಮೇಲೆ. ಕಟಕ್ ರೊಟ್ಟಿ, ಝುಣಕ, ಶೇಂಗಾ ಹಿಂಡಿ ಅಂದರೆ ಖಾರದ ಚಟ್ನಿಪುಡಿ, ಅದರ ಮೇಲೆ ಕೆಂಪು ವಸ್ತ್ರದ ಗಂಟು. ಝಳಕಿ ದಾಟುವಾಗಲೇ ಗಾಡಿಯ ತುಂಬ ಹಿಂಡಿಯ ಘಾಟು. ಡ್ರೈವರ್ ಮೊದಲೇ ಹೇಳಿಬಿಟ್ಟ: "ಸಾಹೇಬ್ರ, ಲೈಟ್ ಸರಿ ಇಲ್ಲ. ಐದಕ್ಕ ಗಾಡಿ ಬಿಡಬೇಕು ನೋಡ್ರಿ."

"ನಾಲ್ಕೂ ಐವತ್ತಕ್ಕ ನಿರ್ಗಮನ," ಅಂದ ಕಾಕಾ, ಪ್ಲ್ಯಾನು ನೋಡದೆ.

ಪಾರ್ಕಿನ ಗೇಟಿನಲ್ಲಿ ಎರಡು ಕಿಡಕಿ. ಒಂದರಲ್ಲಿ ಸಾದಾ ತಿಕೀಟು. ಇನ್ನೊಂದರಲ್ಲಿ ಸ್ಪೆಶಲ್. ಸ್ಪೆಶಲ್ ತೆಗೆದುಕೊಂಡವರ ಮಣಿಕಟ್ಟಿಗೆ ಕೆಂಪು ಪಟ್ಟಿ ಕಟ್ಟುತ್ತಿದ್ದರು. ಅವರಿಗೆ ಪ್ರತಿ ಆಟಕ್ಕೂ ಬೇರೆ ಬಾಗಿಲು, ಪಾಳಿ ಇಲ್ಲ. ಅಪ್ಪ ಮೆಲ್ಲಗೆ, "ಗದ್ದಲ ಭಾಳ ಐತಿ, ಅದನ್ನರ ತಗೋಣೇನು?" ಅಂದ.

ಕಾಕಾನಿಗೆ ಇದು ತನ್ನ ನೌಕರಿಗೇ ಮಾಡಿದ ಅವಮಾನದಂತೆ ಕಂಡಿತು. "ಪಾಳಿ ರೊಕ್ಕಾ ಕೊಟ್ಟು ತಗೋತಾರೇನಣ್ಣಾ? ಪಾಳಿ ಹಿಡಿಯೂದು ನಮಗ ಯಾರರ ಕಲಿಸಬೇಕೇನು? ಇಂಥಾ ಹತ್ತು ಪಾರ್ಕ್ ಪಾಳಿ ಹಚ್ಚೇನಿ ನಾ" ಎಂದು ಎಲ್ಲರಿಗೂ ಸಾದಾ ತಿಕೀಟು ತೆಗೆದ. ಕೆಂಪು ಪಟ್ಟಿ ಕಟ್ಟಿಕೊಂಡ ಪುಣೆಯ ಕಡೆಯ ಒಂದು ಕುಟುಂಬವನ್ನು ಮೇಲಿಂದ ಕೆಳಗೆ ನೋಡಿ ಕನಿಕರದಿಂದ ತಲೆ ಅಲ್ಲಾಡಿಸಿದ.

ಸುಳ್ಳು ಯಾಕೆ ಹೇಳಲಿ, ಕಾಕಾನ ಪ್ಲ್ಯಾನು ಭರ್ಜರಿಯಾಗಿ ನಡೆಯಿತು. ನಾವು ಒಂದು ಆಟದಲ್ಲಿ ತಿರುಗುತ್ತಿರುವಾಗ ಅವ್ವ ಮುಂದಿನ ಆಟದ ಪಾಳಿಯಲ್ಲಿ ನಿಂತಿರುತ್ತಿದ್ದಳು. ನಾವು ಇಳಿದು ಓಡಿ ಬರುವ ಹೊತ್ತಿಗೆ ಅವಳು ಬಾಗಿಲ ಹತ್ತಿರ ಬಂದಿರುತ್ತಿದ್ದಳು. "ಬರ್ರಿ ಬರ್ರಿ" ಎಂದು ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟು, ನಮ್ಮ ಚಪ್ಪಲಿ, ಒದ್ದೆ ಟಾವೆಲ್, ಕಾಕುನ ವ್ಯಾನಿಟಿ ಬ್ಯಾಗು ಎಲ್ಲ ತಾನು ಹೊತ್ತುಕೊಂಡು, ಹಗ್ಗದ ಕೆಳಗೆ ಬಗ್ಗಿ ಹೊರಬಿದ್ದು, ಮುಂದಿನ ಪಾಳಿಯ ಬಾಲಕ್ಕೆ ಹೋಗಿ ನಿಲ್ಲುವಳು. ಹಿಂದಿನವರು ಗೊಣಗಿದರೆ ಕಾಕಾ ತನ್ನ ಬಸ್ ಸ್ಟ್ಯಾಂಡ್ ದನಿ ತೆಗೆಯುತ್ತಿದ್ದ. ಕೆಂಪು ಪಟ್ಟಿಯವರಿಗಿಂತ ನಾವೇನೂ ಹೆಚ್ಚು ಕಾಯಲಿಲ್ಲ. "ನೋಡಿದ್ರ್ಯಾ, ಪುಕಸಟ್ಟೆ ಸ್ಪೆಶಲ್!" ಎಂದು ಕಾಕಾ ತೊಡೆ ತಟ್ಟಿಕೊಂಡ. ಜಾರುಬಂಡಿಯಲ್ಲಿ ಅವನ ಎಲೆ ಅಡಿಕೆಯ ಚಂಚಿ ನೀರು ಪಾಲಾದದ್ದು ಬಿಟ್ಟರೆ ಆಗಮನ ನಿರ್ಗಮನಗಳಲ್ಲಿ ಒಂದು ಲೋಪವೂ ಇರಲಿಲ್ಲ.

ಎಲ್ಲ ಪಾಳಿಗಳಲ್ಲೂ ಅವ್ವನ ಆಸುಪಾಸು ಒಬ್ಬ ಅಜ್ಜಿ ಇರುತ್ತಿದ್ದಳು. ಕಚ್ಚೆ ಸೀರೆ, ಹಣೆಯ ತುಂಬ ಕುಂಕುಮ, ಸೊಲ್ಲಾಪುರದವಳು. ಅವಳೂ ಮೊಮ್ಮಕ್ಕಳ ಸಲುವಾಗಿ ಪಾಳಿ ಹಿಡಿಯಲು ಬಂದವಳೇ. ಸೊಲ್ಲಾಪುರದಲ್ಲಿ ಕನ್ನಡಕ್ಕೇನು ಬರವೇ, ಅರ್ಧ ಮರಾಠಿ ಬೆರೆಸಿ ಇಬ್ಬರೂ ಜೋರಾಗಿ ಮಾತಾಡುತ್ತಿದ್ದರು. ಅವ್ವ ನಡುನಡುವೆ ದೊಡ್ಡ ಚಕ್ರದ ಕಡೆ ಕೈ ತೋರಿಸುತ್ತಿದ್ದಳು. ಅಜ್ಜಿ ಮೊಮ್ಮಗನನ್ನು ಒಂದಕ್ಕೆ ಕರೆದೊಯ್ದಾಗ ಅವ್ವ ಅವಳ ಪಾಳಿ ಕಾಯ್ದಳು. ಅವ್ವ ನೀರು ಕುಡಿಯಲು ಹೋದಾಗ ಅಜ್ಜಿ ಕಾಯ್ದಳು. ನಾವು ಯಾರೂ ಅವಳನ್ನು ಅಷ್ಟಾಗಿ ಗಮನಿಸಲಿಲ್ಲ. ನಮಗೆ ಪುರುಸೊತ್ತು ಎಲ್ಲಿತ್ತು?

ಮಧ್ಯಾಹ್ನ ಬುತ್ತಿ ಬಿಚ್ಚಿದೆವು. ಅವ್ವ ಕಾಲು ಚಾಚಿ ಕೂತಳು. ಪಾದಗಳು ಊದಿದ್ದವು. ಅವಳು ಅವನ್ನು ಸೀರೆಯ ಅಂಚಿನಲ್ಲಿ ಮುಚ್ಚಿಕೊಂಡು, ದೂರದಲ್ಲಿ ತಿರುಗುತ್ತಿದ್ದ ದೊಡ್ಡ ಚಕ್ರವನ್ನೇ ನೋಡುತ್ತ ರೊಟ್ಟಿ ಮುರಿಯುತ್ತಿದ್ದಳು. ಚಕ್ರದ ಪಾಳಿ ಆಗಲೇ ಬೇಲಿ ದಾಟಿ ಹೊರಗೆ ಬಂದಿತ್ತು. ಇನ್ನೂ ಮೂರು ಆಟ ಉಳಿದಿದ್ದವು, ಮೂರಕ್ಕೂ ಪಾಳಿ ಹಿಡಿಯಬೇಕಾದವಳು ಅವ್ವನೇ. ಅವಳು ಎರಡು ಕಡೆ ನಿಲ್ಲುವುದು ಹೇಗೆ? ಕಾಕಾ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ವಿಚಾರ ಮಾಡಿದ. ಆಮೇಲೆ ಎದ್ದು ಬುತ್ತಿಯ ಡಬ್ಬಿಗೆ ಕೆಂಪು ವಸ್ತ್ರ ಬಿಗಿಯಾಗಿ ಕಟ್ಟಿ, ಅದನ್ನು ಒಯ್ದು ಚಕ್ರದ ಪಾಳಿಯ ಕೊನೆಗೆ ಇಟ್ಟ.

"ಭಾಯೀಸಾಬ್, ಏ ಹಮಾರಾ ನಂಬರ್ ಹೈ. ಆಗೆ ಆಗೆ ಸರಕಾತೆ ಜಾವ್," ಎಂದು, ಡಬ್ಬಿಯನ್ನು ಮುಂದೆ ಸರಿಸುತ್ತ ಹೋಗುವ ಸನ್ನೆ ಮಾಡಿ, ಮುಂದೆ ನಿಂತವನಿಗೆ ಹೇಳಿದ. ಆ ಮನುಷ್ಯ ಡಬ್ಬಿಯನ್ನೂ ಕಾಕಾನನ್ನೂ ನೋಡಿ, ಏನೋ ಒಂದು ಎಂದು ತಲೆ ಆಡಿಸಿದ. ಕಾಕಾ ಕೈ ಝಾಡಿಸಿಕೊಂಡು ಬಂದ. "ನಡೀರಿ ವೈನಿ. ನಿಮ್ಮ ಪಾಳಿ ಪಕ್ಕಾ ಆತು."

ಅವ್ವನ ಮುಖ ಎಷ್ಟು ಅರಳಿತೆಂದರೆ, ಊದಿದ ಕಾಲಿನಲ್ಲೇ ಅವಳು ಮೂರೂ ಪಾಳಿ ಹಿಡಿದಳು.

ನಾವು ತೂಗುವ ದೋಣಿಯಿಂದ ಇಳಿಯುತ್ತಿರುವಾಗ ಸೀಟಿ ಕೇಳಿಸಿತು. ಒಂದಲ್ಲ, ನಾಲ್ಕಾರು ಸೀಟಿ. ಲೌಡ್‌ಸ್ಪೀಕರಿನಲ್ಲಿ ಮರಾಠಿಯಲ್ಲಿ ಏನೋ ಗಡಿಬಿಡಿ. ಜನ ಚಕ್ರದ ಕಡೆಯಿಂದ ಹಿಂದೆ ಹಿಂದೆ ಸರಿಯುತ್ತಿದ್ದರು. ಕಾವಲಿನವರು ಹಗ್ಗ ಹಿಡಿದು ದೊಡ್ಡದೊಂದು ವರ್ತುಲ ಮಾಡಿದ್ದರು. ನಡುವೆ, ಬಯಲಿನಲ್ಲಿ, ಒಬ್ಬಂಟಿಯಾಗಿ ನಮ್ಮ ಬುತ್ತಿ ಡಬ್ಬಿ. ಪಾಳಿ ಮುಂದೆ ಸರಿದಿತ್ತು, ಯಾರೂ ಅದನ್ನು ಸರಿಸಿರಲಿಲ್ಲ. ವಾರಸುದಾರರಿಲ್ಲದ ಡಬ್ಬಿಯಲ್ಲಿ ಏನಿರಬಹುದು ಎಂದು ಯಾರೋ ಒಬ್ಬ ಹೆದರಿ ಹೇಳಿದ್ದನಂತೆ; ಅಷ್ಟು ಸಾಕಾಯಿತು.

"ಅದು ನಮ್ಮ ಪಾಳಿರಿ!" ಎಂದು ಕಾಕಾ ಕೂಗಿದ. ಅವನ ಕನ್ನಡ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಅವ್ವ ಹಗ್ಗದ ಕೆಳಗೆ ಬಗ್ಗಿದಳು. ಬೆಳಗಿನಿಂದ ಅದೇ ಅಭ್ಯಾಸವಾಗಿತ್ತಲ್ಲ. ಕಾವಲಿನವನೊಬ್ಬ "ಆಗೆ ಮತ್ ಜಾವ್" ಎಂದು ಬೆನ್ನು ಹತ್ತಿದ. ಅವಳು ಹಿಂದೆ ತಿರುಗದೆ ಹೋಗಿ, ಕುಕ್ಕರುಗಾಲಿನಲ್ಲಿ ಕೂತು, ಗಂಟು ಬಿಚ್ಚಿ ಮುಚ್ಚಳ ತೆಗೆದು ಅವನ ಮೂಗಿನ ಹತ್ತಿರ ಹಿಡಿದಳು. "ಹಿಂಡಿ ಐತೆಪಾ. ಹಿಂಡಿ, ಅರ್ಧಾ ರೊಟ್ಟಿ. ನೋಡು." ಘಾಟಿಗೆ ಅವನು ಸೀನಿದ, ಮತ್ತೆ ಸೀನಿದ. ವರ್ತುಲದ ಸುತ್ತ ನಗೆ ಎದ್ದಿತು. ಸೀನು ನಿಂತ ಮೇಲೆ ಅವನು ಕಾಕಾನನ್ನು ಹಿಡಿದು ಬೈದ: ಪಾಳಿಯಲ್ಲಿ ಮನುಷ್ಯರು ನಿಲ್ಲುತ್ತಾರೆ, ಡಬ್ಬಿ ಅಲ್ಲ. ಕಾಕಾ ಕೆಂಪಗಾದ. "ನಮ್ಮ ಇಂಡ್ಯಾಗ ಇಟ್ಟ ಕೊಡ ವಾರಗಟ್ಲೆ ಯಾರೂ ಮುಟ್ಟಂಗಿಲ್ಲ. ಸಂಸ್ಕಾರ ಇಲ್ಲದ ಮಂದಿ" ಎಂದು ನಮಗೆ ಹೇಳಿದ, ಅವನಿಗೆ ಹೇಳಲಿಲ್ಲ.

ಹಗ್ಗ ತೆಗೆದರು. ಚದುರಿದ ಜನ ಎದ್ದುಬಿದ್ದು ಓಡಿ ಮತ್ತೆ ಪಾಳಿ ಕಟ್ಟಿದರು. ನಾವು ಬುತ್ತಿ ಎತ್ತಿಕೊಳ್ಳುವಷ್ಟರಲ್ಲಿ ಅದು ಮೊದಲಿಗಿಂತ ಉದ್ದವಾಗಿ, ಐಸ್‌ಕ್ರೀಮ್ ಅಂಗಡಿ ದಾಟಿ ಹೋಗಿತ್ತು. ಕಾಕಾ ಗಡಿಯಾರ ನೋಡಿದ. ಅಪ್ಪನೂ ನೋಡಿದ. ಹೊರಗೆ ಟ್ರ್ಯಾಕ್ಸಿನವನು ಹಾರ್ನು ಹೊಡೆದು ನೆನಪು ಮಾಡಿದ. ಕೆಂಪು ಪಟ್ಟಿಯವರ ಬಾಗಿಲು ಮಾತ್ರ ಖಾಲಿ ಇತ್ತು. ಕಾಕಾ ಗೇಟಿನ ಕಡೆ ಓಡಿದ. ಸ್ವಲ್ಪ ಹೊತ್ತಿಗೆ ಕೈಯಲ್ಲಿ ನೋಟುಗಳನ್ನು ಹಾಗೇ ಹಿಡಿದುಕೊಂಡು ವಾಪಸು ಬಂದ. "ಸ್ಪೆಶಲ್ ಮುಂಜಾನೆ ಅಷ್ಟ ಕೊಡ್ತಾರಂತ" ಅಂದ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಇರ್ಲಿ ಬಿಡ್ರಿ," ಅಂದಳು ಅವ್ವ. "ಚಕ್ರ ಎಲ್ಲಿ ಹೋಗ್ತದ. ಮುಂದಿನ ಸರ್ತಿ ಕುಂತ್ರಾತು."

ನನಗೆ ಸಿಟ್ಟು ಬಂತು. ಕಾಕಾನ ಮೇಲೆ, ಡಬ್ಬಿಯ ಮೇಲೆ, ಆ "ಇರ್ಲಿ ಬಿಡ್ರಿ" ಮೇಲಂತೂ ಎಲ್ಲಕ್ಕಿಂತ ಹೆಚ್ಚು. ಅವ್ವ ಗಂಟು ಕಟ್ಟುತ್ತಿದ್ದಳು. ಮುಂದಿನ ಸರ್ತಿ ಎನ್ನುವುದು ನಮ್ಮ ಮನೆಯಲ್ಲಿ ಯಾವಾಗಲೂ ಅವ್ವನ ವಸ್ತುಗಳಿಗಷ್ಟೇ ಬರುತ್ತಿತ್ತು.

ಆಗ ಪಾಳಿಯ ಮುಂದಿನಿಂದ, ಬಾಗಿಲಿಗೆ ಇನ್ನೇನು ನಾಲ್ಕು ಮಂದಿ ಇರುವಾಗ, ಕಚ್ಚೆ ಸೀರೆಯ ಅಜ್ಜಿ ಕೈ ಎತ್ತಿ ಕೂಗಿದಳು. "ಏ ತಂಗೆವ್ವಾ! ಎಲ್ಲಿಗಿ ಹೊಂಟಿ? ಇಕಡಿ ಬಾ. ನಿನ್ನ ಪಾಳಿ ನಾ ಹಿಡದೇನಿ!"

ಅವ್ವ ನಿಂತಳು. ಹಿಂದಿನವರು ಏನಾದರೂ ಅಂದಾರೆಂದು ಅಳುಕಿ ನೋಡಿದಳು. ಅಜ್ಜಿಯ ಹಿಂದೆ ಇದ್ದವರೆಲ್ಲ ಬೆಳಗಿನಿಂದ ಒಂದಲ್ಲ ಒಂದು ಪಾಳಿಯಲ್ಲಿ ಅವಳ ಜೊತೆ ಬಿಸಿಲು ತಿಂದವರು. ಒಬ್ಬ ದಪ್ಪ ಮನುಷ್ಯ ಪಕ್ಕಕ್ಕೆ ಸರಿದು "ಯಾ ತಾಯಿ, ಯಾ" ಎಂದು ಮರಾಠಿಯಲ್ಲಿ ಕರೆದ.

ಕಾಕಾನಿಗೆ ಜೀವ ಬಂತು. "ನಡೀರಿ ನಡೀರಿ" ಎಂದು ಎಲ್ಲರನ್ನೂ ಎಬ್ಬಿಸಿಕೊಂಡು, ಮದುವೆ ಮನೆಯಲ್ಲಿ ನುಗ್ಗುವಂತೆ ಅವ್ವನ ಹಿಂದೆ ನುಗ್ಗಿದ. ಅಜ್ಜಿ ಕೋಲಿನಂಥ ಕೈಯನ್ನು ಅಡ್ಡ ಹಿಡಿದಳು.

"ನೀವು ಯಾರು?"

"ನಾವು ಇವ್ರ ಮಂದೀನರಿ. ಇವ್ರ ಜೋಡೀನ ಅದೇವಿ."

"ಮುಂಜಾನಿಂದ ಒಂದ್ ಪಾಳ್ಯಾಗೂ ನಿಮ್ಮನ್ನ ನೋಡಿಲ್ಲಲ್ಲ ನಾ?" ಅಂದಳು ಅಜ್ಜಿ.

ಕಾಕಾ ಅಲ್ಲೇ ನಿಂತ. ಅವನ ಇಡೀ ನೌಕರಿಯಲ್ಲಿ ಯಾವ ಪ್ರಯಾಣಿಕನೂ ಅವನನ್ನು ಹಾಗೆ ನಿಲ್ಲಿಸಿರಲಿಕ್ಕಿಲ್ಲ. ನಾವೂ ಅವನ ಹಿಂದೆ ಸಾಲಾಗಿ ನಿಂತೆವು. ಅವ್ವ ಒಂದು ಕ್ಷಣ ನಮ್ಮನ್ನೆಲ್ಲ ನೋಡಿದಳು. ಆಮೇಲೆ ಹೆಗಲಿನ ಟಾವೆಲುಗಳನ್ನು ಅಪ್ಪನಿಗೆ ಕೊಟ್ಟಳು, ವ್ಯಾನಿಟಿ ಬ್ಯಾಗನ್ನು ಕಾಕುಗೆ ಕೊಟ್ಟಳು, ಬುತ್ತಿಯ ಡಬ್ಬಿಯನ್ನು ಕಾಕಾನ ಕೈಗೆ ಇಟ್ಟಳು. ಬರಿಗೈಯಲ್ಲಿ ಅಜ್ಜಿಯ ಜೊತೆ ಬಾಗಿಲು ದಾಟಿ ಹೋದಳು.

ಚಕ್ರದ ತೊಟ್ಟಿಲಿನಲ್ಲಿ ಇಬ್ಬರೂ ಎದುರುಬದುರು ಕೂತರು. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಕಂಬಿ ಹಿಡಿದಳು. ಚಕ್ರ ಏರಿತು. ಬೇರೆಯವರನ್ನು ಹತ್ತಿಸಿಕೊಳ್ಳಲು ನಿಂತಾಗ ಅವಳ ತೊಟ್ಟಿಲು ನೆತ್ತಿಯ ಮೇಲಿತ್ತು. ನಾನು "ಯವ್ವಾ! ಯವ್ವಾ!" ಎಂದು ಕೈ ಬೀಸಿದೆ. ಅವಳು ಕೆಳಗೆ ನೋಡಲೇ ಇಲ್ಲ. ಬಗಲಿನಲ್ಲಿ ಹೊಲಗಳಿದ್ದ ಕಡೆ, ಭೀಮಾ ನದಿ ಇರಬಹುದಾದ ಕಡೆ ಮುಖ ಮಾಡಿ ಕೂತಿದ್ದಳು. ಅಜ್ಜಿ ಕೈ ಚಾಚಿ ಏನೋ ತೋರಿಸುತ್ತಿದ್ದಳು. ಅವ್ವ ನಗುತ್ತಿದ್ದದ್ದು ಅಷ್ಟು ಕೆಳಗಿನಿಂದಲೂ ಕಾಣುತ್ತಿತ್ತು. ನನಗೆ ಅಳು ಬಂತು, ಖುಷಿಗೇ ಬಂತು.

ಇಳಿದು ಬಂದಾಗ ಅವಳ ಕೂದಲು ಗಾಳಿಗೆ ಬಿಚ್ಚಿತ್ತು. ಅಜ್ಜಿ ಮೊಮ್ಮಕ್ಕಳನ್ನು ಹುಡುಕಿಕೊಂಡು ಹೋದಳು. ಹೊರಗೆ ಹಾರ್ನು ಬಿಡದೆ ಹೊಡೆಯುತ್ತಿತ್ತು.

"ಹೆಂಗಿತ್ತು ಯವ್ವಾ?" ಅಂದೆ.

"ಹೊಲ ಎಲ್ಲಾ ರೊಟ್ಟಿ ಹಾಸಿಟ್ಟಂಗ ಕಾಣ್ತಾವು," ಅಂದಳು. ಕೂದಲನ್ನು ಸುತ್ತಿ ತುರುಬು ಕಟ್ಟಿಕೊಂಡಳು. "ಇನ್ನೊಮ್ಮೆ ಹೋಗ್ತೇನಿ."

"ವೈನಿ, ಟೈಮ್ ಆತ್ರಿ," ಅಂದ ಕಾಕಾ. "ಗಾಡಿ..."

ಅವನ ಕೈಯಲ್ಲಿ ಇನ್ನೂ ಡಬ್ಬಿ ಇತ್ತು. ಅದನ್ನು ತೆಗೆದುಕೊಳ್ಳಲು ಅವ್ವ ಕೈ ಚಾಚಲಿಲ್ಲ. ಐಸ್‌ಕ್ರೀಮ್ ಅಂಗಡಿಯ ಆಚೆ ಇದ್ದ ಪಾಳಿಯ ಬಾಲವನ್ನು ತೋರಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಿನವೂ ನಮಗೆ ಉಪ್ಪು ತಾ, ನೀರು ತಾ ಅನ್ನುವ ಅದೇ ದನಿ.

"ನೀವು ಪಾಳಿ ಹಿಡೀರಿ. ನಾ ನೀರ ಕುಡದ ಬರ್ತೇನಿ."

ಕಾಕಾ ಅಪ್ಪನ ಮುಖ ನೋಡಿದ. ಅಪ್ಪ ಟಾವೆಲುಗಳನ್ನು ಹೆಗಲಿಗೆ ಹಾಕಿಕೊಂಡು ಆಗಲೇ ನಡೆಯಲು ಶುರುಮಾಡಿದ್ದ. ಸಿಂದಗಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಪ್ಲ್ಯಾನಿನ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು, ಬುತ್ತಿಯ ಡಬ್ಬಿ ಎದೆಗೆ ಅವಚಿಕೊಂಡು, ಅಪ್ಪನ ಹಿಂದೆ ಹೋಗಿ ನಿಂತ. ಅವನ ಹಿಂದೆ ನಾನು ನಿಂತೆ. ಬೈಯಲೆಂದು ಒಳಗೆ ಬಂದ ಡ್ರೈವರ್ ನಮ್ಮ ಮುಖಗಳನ್ನು ನೋಡಿ, ಏನು ತಿಳಿದುಕೊಂಡನೋ, ಬೇಲಿಗೆ ಒರಗಿ ಬೀಡಿ ಹಚ್ಚಿದ. ಅವ್ವ ನೀರಿನ ನಳದ ಕಡೆ, ಅವಸರವಿಲ್ಲದೆ, ಊದಿದ ಕಾಲು ಎಳೆಯುತ್ತ ಹೋಗುತ್ತಿದ್ದಳು.